ಅಜ್ಜಿಯ ಸೂಜಿಮದ್ದು, ಮಾವನ ಮದುವೆ

ಇದನ್ನು ನೀವು ನಂಬುವುದಿಲ್ಲ. ನಂಬಿ ಎಂದು ನಾನು ಕಾಲಿಗೆ ಬೀಳುವುದೂ ಇಲ್ಲ. ಹಾಸ್ಟೆಲಿನ ಹುಡುಗಿಯರಿಗೆ ನಾನು ಇದುವರೆಗೆ ಹೇಳಿರುವ ಕಥೆಗಳಲ್ಲಿ ಅರ್ಧಕ್ಕರ್ಧ ಸುಳ್ಳು, ಉಳಿದ ಅರ್ಧಕ್ಕೆ ಒಗ್ಗರಣೆ ಜಾಸ್ತಿ. ಆದರೆ ಹೋದ ವರ್ಷ, ಹದಿನೇಳನೇ ವಯಸ್ಸಿನಲ್ಲಿ, ಕಿಬ್ಬನಹಳ್ಳಿ ಪಕ್ಕದ ತೆಂಗಿನ ತೋಟದ ಪಂಪ್‌ಹೌಸಿನಲ್ಲಿ ಕೂತು, ಪ್ರಪಂಚದ ಡಾಕ್ಟರುಗಳಿಗೆಲ್ಲ ಕೈಕೊಟ್ಟ ಏಡ್ಸಿಗೆ ನಾನು ಔಷಧಿ ಕಂಡುಹಿಡಿದಿದ್ದೆ. ಎರಡೂವರೆ ತಿಂಗಳು ಒಬ್ಬ ರೋಗಿಗೆ ಕೊಟ್ಟೂ ಇದ್ದೆ. ರೋಗಿ ನಮ್ಮ ಸೋದರಮಾವ.

ಮೊನ್ನೆ ಇಲ್ಲಿ ತುಮಕೂರಿನ ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳು ಊರಿಂದ ತಂದ ಕೊಬ್ಬರಿ ಗಿಟುಕನ್ನು ಚಾಕುವಿನಲ್ಲಿ ಹೆರೆಯಲು ಹೋಗಿ ಬೆರಳು ಕೊಯ್ದುಕೊಂಡಳು. ಇನ್ನೊಬ್ಬಳು ಓಡಿಬಂದು ಹತ್ತಿಗೆ ಸ್ಪಿರಿಟ್ ಸುರಿದು ಒತ್ತಿದಳು. ಕೊಬ್ಬರಿಯ ಎಣ್ಣೆವಾಸನೆಯೂ ಸ್ಪಿರಿಟ್ಟಿನ ಘಾಟೂ ಒಟ್ಟಿಗೆ ಮೂಗಿಗೆ ಹೊಡೆದದ್ದೇ ತಡ, ನಾನು ಹೇಳುತ್ತಿದ್ದ ಜೋಕಿನ ಕೊನೆಯ ಸಾಲು ಮರೆತುಹೋಯಿತು. ಜೋಕು ಮರೆಯುವವಳಲ್ಲ ನಾನು. "ಆಮೇಲೆ? ಆಮೇಲೇನಾಯ್ತೇ?" ಎಂದು ಎಲ್ಲರೂ ಕೇಳಿದರು. ಎದ್ದು ಟೆರೇಸಿಗೆ ಹೋಗಿಬಿಟ್ಟೆ.

ನಮ್ಮದು ಅಜ್ಜಿಯ ಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನೂ ಅಕ್ಕ ಗಿರಿಜಳನ್ನೂ ಕಟ್ಟಿಕೊಂಡು ತವರಿಗೆ ಬಂದಿದ್ದಳು. ಅಲ್ಲಿ ಅಜ್ಜಿ, ಅಜ್ಜಿಯ ಕೊನೆಯ ಮಗ ನಾಗರಾಜ ಮಾವ, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ತೆಂಗಿನಕಾಯಿ. ಮಾವನಿಗೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಕರೆಂಟು ಬಂದುಹೋಗಿ ಬಂದುಹೋಗಿ ಮಾಡಿದಷ್ಟೂ ಹತ್ತೂರಿನ ಪಂಪ್‌ಸೆಟ್ಟುಗಳು ಸುಡುತ್ತಿದ್ದವು, ಮಾವನಿಗೆ ಸುಗ್ಗಿ. ಅವನಿಗೆ ಮಾತು ಕಮ್ಮಿ. ತಾಮ್ರದ ತಂತಿ ಸುತ್ತುತ್ತ ನಾನು ಬಿಟ್ಟ ಬುರುಡೆಯನ್ನೆಲ್ಲ ಕೇಳುತ್ತಿದ್ದ. ನನ್ನಂಥವಳಿಗೆ ದೇವರು ಅಂಥವನನ್ನು ಒಬ್ಬನನ್ನಾದರೂ ಕೊಡಲೇಬೇಕಾಗುತ್ತದೆ. ಈಗ ಅವನು ಬೆಂಗಳೂರಿನ ಯಾವುದೋ ಶೆಡ್ಡಿನಲ್ಲಿ ಮೋಟರ್ ಸುತ್ತುತ್ತಾನಂತೆ. ನನಗೆ ಕಾಗದ ಬರೆಯುವುದಿಲ್ಲ.

ಅಕ್ಕ ಹುಟ್ಟಿದಾಗ ತೊಟ್ಟಿಲಿಗೆ ಬಗ್ಗಿ ನೋಡಿ ಅಜ್ಜಿ "ಇವ್ಳು ನನ್ ಸೊಸೆ" ಎಂದಿದ್ದಳಂತೆ. ಮಾವನಿಗೆ ಆಗ ಏಳು ವರ್ಷ. ಅವನು ಕೇಳಿದ್ದು ಬುಗುರಿ, ಸಿಕ್ಕಿದ್ದು ಹೆಂಡತಿ. ನಮ್ಮ ಕಡೆ ಅಕ್ಕನಿಗೆ ಮಗಳಿದ್ದರೆ ತಮ್ಮನಿಗೆ ಹೆಣ್ಣು ಹುಡುಕುವ ಕೆಲಸವಿಲ್ಲ. ಅವನು ಒಲ್ಲೆ ಎಂದರೆ ಅದು ಹುಡುಗಿಯನ್ನು ಬೇಡ ಎಂದ ಹಾಗಲ್ಲ, ಒಡಹುಟ್ಟಿದವಳ ಮುಖಕ್ಕೆ ಹೊಡೆದ ಹಾಗೆ. ಆ ವೈಶಾಖಕ್ಕೆ ಮದುವೆ ಎಂದು ಮಾತಾಗಿತ್ತು. ಅಕ್ಕ ಹೊಲಿಗೆ ಮಿಷಿನ್ನಿನ ಮುಂದೆ ಕೂತು ತನ್ನ ರವಿಕೆಗಳನ್ನು ತಾನೇ ಹೊಲಿದುಕೊಳ್ಳುತ್ತಿದ್ದಳು. ಮಾವನ ಟಿವಿಎಸ್ ಸದ್ದು ಕೇಳಿದರೆ ಮಿಷಿನ್ ತಾನಾಗಿಯೇ ನಿಲ್ಲುತ್ತಿತ್ತು.

ಸಂಕ್ರಾಂತಿ ಮುಗಿದ ವಾರ ಮಾವ ನನ್ನನ್ನು ಪಂಪ್‌ಹೌಸಿಗೆ ಕರೆದ. ಕ್ರಾಸಿನ ಹೋಟೆಲಿನವನ ಹೆಂಡತಿಗೆ ಆಪರೇಷನ್ ಎಂದು ಹಿಂದಿನ ದಿನ ತುಮಕೂರಿಗೆ ರಕ್ತ ಕೊಡಲು ಹೋಗಿದ್ದ. ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದ.

"ಸವಿ, ಇದ್ರಲ್ಲಿ ಏನ್ ಬರ್ದೈತೆ ಓದು."

"ಅಲ್ಲಿ ಅವ್ರು ಹೇಳ್ಲಿಲ್ವಾ?"

"ಹೇಳುದ್ರು. ಆದ್ರೂ ನೀನು ಓದು. ಕಾಗ್ದದಲ್ಲಿ ಬೇರೆ ಏನಾರಾ ಇರಬೌದು."

ಕಾಗದದಲ್ಲಿ ಬೇರೆ ಏನೂ ಇರಲಿಲ್ಲ. ಎಚ್‌ಐವಿ ಇದೆ ಎಂದೇ ಇತ್ತು. ಕಾಲೇಜಿನ ಏಡ್ಸ್ ದಿನಾಚರಣೆಯ ಭಾಷಣದಲ್ಲಿ ನನಗೇ ಮೊದಲ ಬಹುಮಾನ ಬಂದಿತ್ತು, ಒಂದು ಸ್ಟೀಲ್ ಲೋಟ. ಆ ಭಾಷಣ ನನಗೆ ಇನ್ನೂ ಬಾಯಿಪಾಠವಿತ್ತು. ಮುಟ್ಟಿದರೆ ಬರುವುದಿಲ್ಲ, ಜೊತೆಗೆ ಉಂಡರೆ ಬರುವುದಿಲ್ಲ ಎಂದೆಲ್ಲ ಗಡಗಡ ಹೇಳಿದೆ. ಮಾವ ಕೇಳಿಸಿಕೊಳ್ಳುತ್ತಿರಲಿಲ್ಲ.

"ಬಾವಿಗೆ ಬಿದ್ದು ತೊಡೆ ಮುರ್ಕಂಡಾಗ ಎರಡು ಬಾಟ್ಲಿ ರಕ್ತ ಏರ್ಸಿದ್ರು. ಅದೇ ಏನೋ, ಇನ್ನೇನೋ. ಈಗ ಯಾರ್ನ ಕೇಳಾನ?" ಎಂದ. ಆಮೇಲೆ, "ಮದ್ವೆ ಬ್ಯಾಡ ಅಂದ್ಬುಡ್ತೀನಿ" ಎಂದ.

ಅಂದೂ ಬಿಟ್ಟ. ಅವತ್ತು ಸಂಜೆಯೇ, ಊಟದ ತಟ್ಟೆಯ ಮುಂದೆ. ಕಾರಣ ಮಾತ್ರ ಹೇಳಲಿಲ್ಲ.

"ಯಾರ್ಲಾ ಅವ್ಳು?" ಎಂದಳು ಅಜ್ಜಿ. "ಕ್ರಾಸಲ್ಲಿ ಯಾವಳನ್ನ ನೋಡ್ಕಂಡಿದೀಯ ಹೇಳು."

"ಯಾರೂ ಇಲ್ಲ ಕಣವ್ವ."

"ಮತ್ಯಾಕೆ? ನಿಮ್ಮಕ್ಕನ ಮಗ್ಳು ಕುಂಟಿನಾ, ಕುರುಡಿನಾ?"

ಅಮ್ಮ ಮುದ್ದೆ ಇದ್ದ ಪಾತ್ರೆಯನ್ನು ಮಾವನ ಹತ್ತಿರ ತಳ್ಳಿ, ನೀನೇ ಬಡಿಸಿಕೋ ಎನ್ನುವ ಹಾಗೆ ಎದ್ದುಹೋದಳು. ಮೂರು ದಿನ ಹಾಗೇ ನಡೆಯಿತು. ಅಕ್ಕ ಮಿಷಿನ್ನಿನ ಮೇಲೆ ಬಟ್ಟೆ ಮುಚ್ಚಿಟ್ಟಳು. ಮುಂದೆಯೂ ಮನೆ ಹಾಗೇ ಇರಲು ನಾನು ಬಿಟ್ಟಿದ್ದರೆ ಎಲ್ಲರೂ ಅತ್ತು, ಮಾವನನ್ನು ಬೈದು, ಅಕ್ಕನಿಗೆ ಬೇರೆ ಗಂಡು ನೋಡುತ್ತಿದ್ದರು. ಆದರೆ ನಾಲ್ಕನೇ ದಿನ ನಮಗೆ ಕೆಮಿಸ್ಟ್ರಿ ಕ್ಲಾಸಿತ್ತು.

ಅವತ್ತಿನ ಪಾಠ ಪಾಲಿಸ್ಯಾಕರೈಡುಗಳು. ಸಕ್ಕರೆಯ ಅಣುಗಳನ್ನು ಹೂವಿನ ಹಾಗೆ ಉದ್ದಕ್ಕೆ ಪೋಣಿಸಿದ ಸರ ಎಂದರು ಮೇಷ್ಟ್ರು. ಅನ್ನದ ಗಂಜಿಯೂ ಅದೇ, ಹತ್ತಿಯ ಬಟ್ಟೆಯೂ ಅದೇ. ರಕ್ತ ಹೆಪ್ಪುಗಟ್ಟದ ಹಾಗೆ ನೀರಾಗಿಡುವ ಹೆಪಾರಿನ್ ಎಂಬ ಸೂಜಿಮದ್ದೂ ಅದೇ ಜಾತಿ. "ಇದನ್ನ ಏಡ್ಸ್ ವೈರಸ್ ಮೇಲೂ ಪ್ರಯೋಗ ಮಾಡಿದಾರೆ. ಗಾಜಿನ ಕೊಳವೇಲಿ ಆ ವೈರಸ್ಸು ಈ ಸರಕ್ಕೆ ಅಂಟ್ಕೊಂಡು, ಜೀವಕೋಶದ ಒಳಗೆ ಹೋಗೋಕಾಗದೆ ನಿಂತುಬಿಡ್ತು. ಆದ್ರೆ..." ಎಂದರು. ಬೆಲ್ಲು ಹೊಡೆಯಿತು. "ಉಳಿದದ್ದು ನಾಳೆ."

ನಾಳೆ ನಾನು ಕಾಲೇಜಿಗೆ ಹೋಗಲಿಲ್ಲ. ಇಷ್ಟು ದೊಡ್ಡ ವಿಷಯ ಕೈಗೆ ಸಿಕ್ಕಿರುವಾಗ 'ಆದ್ರೆ'ಗೆಲ್ಲ ಕಾಯುವವರು ಯಾರು?

ಯಾಕೆಂದರೆ ಹೆಪಾರಿನ್ ನಮ್ಮ ಮನೆಯಲ್ಲೇ ಇತ್ತು. ಹಿಂದಿನ ದೀಪಾವಳಿಯಲ್ಲಿ ಅಜ್ಜಿಯ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿ, ಕಾಲು ಊದಿ ಊದಿ, ಅದಕ್ಕೆ ಪಂಚಾಯಿತಿಯವರು ಬೇರೆ ಮನೆ ನಂಬರು ಕೊಡಬಹುದು ಎನ್ನುವಷ್ಟು ದಪ್ಪವಾಗಿತ್ತು. ಡಾಕ್ಟರು ಬರೆದುಕೊಟ್ಟ ಸೂಜಿಯನ್ನು ಹೊಟ್ಟೆಯ ಚರ್ಮಕ್ಕೆ ಚುಚ್ಚುವುದನ್ನು ಕಾಂಪೌಂಡರು ಮಾವನಿಗೇ ಕಲಿಸಿದ್ದ. ತಂತಿ ಸುತ್ತುವ ಕೈ, ನಡುಗುವುದಿಲ್ಲ ಎಂದು. ಅಜ್ಜಿ ವಾಸಿಯಾದ ಮೇಲೆ ನಾಲ್ಕು ಸೀಸೆ ಉಳಿದಿದ್ದವು. ತಣ್ಣಗಿರಲಿ ಎಂದು ಅಮ್ಮ ಅವನ್ನು ಡಬ್ಬಿಯಲ್ಲಿ ಹಾಕಿ, ನೀರಿನ ಮಡಿಕೆಯ ಕೆಳಗಿನ ಮರಳಿನಲ್ಲಿ ಹುದುಗಿಸಿಟ್ಟಿದ್ದಳು. ನಮ್ಮ ಮನೆಯಲ್ಲಿ ಏನನ್ನೂ ಎಸೆಯುವುದಿಲ್ಲ.

"ಉತ್ತರಾಣಿ ಗೊತ್ತಲ್ಲ ಮಾವ?" ಎಂದು ಪಂಪ್‌ಹೌಸಿನಲ್ಲಿ ಶುರುಮಾಡಿದೆ. "ತೋಟದಲ್ಲಿ ನಡುದ್ರೆ ಪಂಚೆಗೆಲ್ಲ ಅಂಟ್ಕಳ್ಳುತ್ತಲ್ಲ, ಆ ಬೀಜ. ನಿನ್ ಮೈಯೊಳಗಿರೋ ವೈರಸ್ಸು ಅದೇ ಅನ್ಕೋ. ನಿನ್ ಮುಂದೆ ನಾನೊಂದು ಹಳೇ ಪಂಚೆ ಎಳ್ಕಂಡು ಹೋದ್ರೆ? ಬೀಜ ಎಲ್ಲಾ ಅದ್ಕೇ ಅಂಟ್ಕಳ್ಳುತ್ತೆ. ನಿನ್ ಪಂಚೆ ಮದುವಣಿಗನ ಪಂಚೆ ಇದ್ದಂಗೆ ಇರುತ್ತೆ. ಆ ಹಳೇ ಪಂಚೇನೇ ಅಜ್ಜಿ ಸೂಜಿ."

"ಯಾರ್ ಹೇಳಿದ್ದು ಇದ್ನ?"

"ಸೈನ್ಸು."

"ಹಂಗಾರೆ ದೊಡ್ಡಾಸ್ಪತ್ರೇಲಿ ಯಾಕ್ ಕೊಡಲ್ಲ?"

"ಅವ್ರಿಗೆ ಇನ್ನೂ ಹೊಳ್ದಿಲ್ಲ. ಮೊದ್ಲು ಯಾರಾದ್ರೂ ಒಬ್ರಿಗೆ ಹೊಳೀಬೇಕಲ್ವಾ?"

ಮಾವ ನಕ್ಕ. ಆ ವಾರದಲ್ಲಿ ಅವನು ನಕ್ಕಿದ್ದು ಅದೇ ಮೊದಲು. ನಿಜವಾದ ಮಾತ್ರೆಗಳು ಬೆಂಗಳೂರಿನಲ್ಲಿ ಸಿಗುತ್ತವೆ, ಆದರೆ ಬದುಕಿರುವವರೆಗೂ ನುಂಗಬೇಕು, ಅಷ್ಟು ದುಡ್ಡು ನಮ್ಮಂಥವರ ಮನೆಯಲ್ಲಿ ಹುಟ್ಟುವುದಿಲ್ಲ ಎಂದು ತುಮಕೂರಿನಲ್ಲಿ ಅವನಿಗೆ ಹೇಳಿ ಕಳಿಸಿದ್ದರು. ನಾನು ಹೇಳಿದ್ದು ಮಡಿಕೆಯ ಕೆಳಗೇ ಇತ್ತು.

"ಗಿರಿಜಂಗೇನಾರಾ ಆದ್ರೆ?" ಎಂದ ನಗು ನಿಂತ ಮೇಲೆ.

"ಮದ್ವೆಗೆ ಮುಂಚೆ ಇನ್ನೊಂದ್ಸಲ ಟೆಸ್ಟ್ ಮಾಡ್ಸಾನ. ಇಲ್ಲ ಅಂತ ಬಂದ್ರೆ ತಾಳಿ ಕಟ್ಟು. ಬರ್ಲಿಲ್ಲ ಅಂದ್ರೆ ಕಟ್ಬೇಡ. ಅಲ್ಲೀಗಂಟ ಬಾಯ್ ಮುಚ್ಕಂಡಿರು."

ಅವನು ಬಾಯಿ ಮುಚ್ಚಿಕೊಂಡ. ಮನೆಗೆ ಬಂದು, "ಏನೋ ಅಂದ್ಬುಟ್ಟೆ ಕಣಕ್ಕ, ಮನ್ಸಿಗೆ ಹಾಕ್ಕಬ್ಯಾಡ" ಎಂದು ಅಮ್ಮನ ಮುಂದೆ ತಲೆ ತಗ್ಗಿಸಿದ. ಅಮ್ಮ ಅವತ್ತು ಅವನಿಗೆ ತುಪ್ಪ ಬಡಿಸಿದಳು. ಮಿಷಿನ್ ಮತ್ತೆ ಓಡತೊಡಗಿತು.

ನಾಲ್ಕು ಸೀಸೆ ಎರಡು ವಾರಕ್ಕೆ ಮುಗಿದವು. ಆಮೇಲೆ ಅಜ್ಜಿಯ ಹಳೆಯ ಚೀಟಿ ಹಿಡಿದು ತಿಪಟೂರಿನ ಬಾಷಾ ಅಣ್ಣನ ಮೆಡಿಕಲ್ ಸ್ಟೋರಿಗೆ ಹೋದೆ.

"ಏನಮ್ಮಾ, ಅಜ್ಜೀದು ಇನ್ನೂ ಇಳೀಲಿಲ್ವಾ?" ಎಂದರು ಬಾಷಾ ಅಣ್ಣ.

"ಎಲ್ಲಣ್ಣ, ಎದ್ದು ನಿಂತ್ಕಳ್ಳಾಕೂ ಆಗಲ್ಲ. ಒಬ್ರು ಎತ್ಬೇಕು, ಇಬ್ರು ಇಳಿಸ್ಬೇಕು."

ಅದೇ ಹೊತ್ತಿಗೆ ಅಜ್ಜಿ ನನ್ನ ಜೊತೆಯಲ್ಲೇ ಸಂತೆಗೆ ಬಂದಿದ್ದವಳು ಎದುರು ಸಾಲಿನಲ್ಲಿ ಬೆಳ್ಳುಳ್ಳಿಯವನ ಮೇಲೆ ಎರಡೂ ಕಾಲಿನಲ್ಲಿ ಎಗರಾಡುತ್ತಿದ್ದಳು. ನಾನು ವೇಲನ್ನು ರೆಕ್ಕೆಯ ಹಾಗೆ ಹರಡಿ ಬಾಗಿಲಿಗೆ ಅಡ್ಡ ನಿಂತೆ. ಬಾಷಾ ಅಣ್ಣ ಸೀಸೆಗಳನ್ನು ಪೊಟ್ಟಣ ಕಟ್ಟುತ್ತ, "ಅಲ್ಲಾ ಒಳ್ಳೇದು ಮಾಡ್ಲಿ ಬುಡು" ಎಂದರು. ಇದನ್ನು ಹಾಸ್ಟೆಲಿನಲ್ಲಿ ಹೇಳಿದಾಗಲೆಲ್ಲ ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ. ಸೀಸೆ ಯಾರಿಗೆ ಎಂಬುದನ್ನು ಮಾತ್ರ ನಾನು ಹೇಳುವುದಿಲ್ಲ, ನಾಯಿಗೆ ಎನ್ನುತ್ತೇನೆ.

ಆ ಬೇಸಿಗೆ ಬೇಗ ಬಂತು. ಮಧ್ಯಾಹ್ನ ತೋಟದಲ್ಲಿ ಒಣಗಿದ ಗರಿ ಕಳಚಿ ಬಿದ್ದರೆ ಆಳು ಬಿದ್ದ ಸದ್ದು. ಮಾವ ಪಂಪ್‌ಹೌಸಿನ ಗೋಡೆಗೆ ಒರಗಿ ಅಂಗಿ ಎತ್ತುತ್ತಿದ್ದ, ನಾನು ಸ್ಪಿರಿಟ್ ಹಚ್ಚುತ್ತಿದ್ದೆ, ಅವನೇ ಚುಚ್ಚಿಕೊಳ್ಳುತ್ತಿದ್ದ. ಚುಚ್ಚಿದ ಕಡೆಯೆಲ್ಲ ನೇರಳೆ ಹಣ್ಣು ಜಜ್ಜಿದ ಹಾಗೆ ಕಲೆ. "ಹೊಟ್ಟೆ ಮ್ಯಾಲೆ ಇಂಡಿಯಾ ಮ್ಯಾಪ್ ಬಂದೈತಲ್ಲೇ" ಎನ್ನುತ್ತಿದ್ದ. ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿದರೆ ಉಗುಳು ಕೆಂಪಗೆ ಬರುತ್ತಿತ್ತು. ನಾನು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಪ್ರತಿ ಪುಟದ ಕೆಳಗೂ 'ಔಷಧಿ ಕೆಲಸ ಮಾಡುತ್ತಿದೆ' ಎಂದು ಗೆರೆ ಎಳೆಯುತ್ತಿದ್ದೆ. ಇದು ದೊಡ್ಡ ಪುಸ್ತಕಗಳಲ್ಲಿ ಬಂದಾಗ ನನ್ನ ಹೆಸರಿನ ಮುಂದೆ ಊರಿನ ಹೆಸರು ಹಾಕಿಸಬೇಕೋ ಬೇಡವೋ ಎಂಬ ಒಂದೇ ಅನುಮಾನ ನನಗಿದ್ದದ್ದು.

ಪಾಠ ಹೇಳಿದ ಮೇಷ್ಟ್ರನ್ನೇ ಕೇಳಿಬರುತ್ತೇನೆ ಎಂದು ಮಾವನಿಗೆ ಹೇಳಿ, ಪರೀಕ್ಷೆಯ ಹಾಲ್ ಟಿಕೆಟ್ ತರಲು ಹೋದ ದಿನ ಕೆಮಿಸ್ಟ್ರಿ ಮೇಷ್ಟ್ರು ಸಿಕ್ಕಿದರು. ಹೊಗಳಿಸಿಕೊಳ್ಳುವ ಆಸೆಯಿಂದಲೇ ಕೇಳಿದೆ.

"ಸಾರ್, ಹೆಪಾರಿನ್ನ ಏಡ್ಸ್ ಇರೋ ಮನುಷ್ಯರಿಗೇ ಕೊಟ್ರೆ?"

"ಅವತ್ತೇ ಹೇಳಿದ್ನಲ್ಲಮ್ಮ. ನೀನು ಬಂದಿರ್ಲಿಲ್ವಾ? ಆ ಜಾತಿ ಮದ್ದುಗಳನ್ನ ಮನುಷ್ಯರಿಗೂ ಕೊಟ್ಟು ನೋಡಿದಾರೆ. ನುಂಗಿದ್ರೆ ಹೊಟ್ಟೇಲೇ ಉಳ್ಕೊಳುತ್ತೆ, ರಕ್ತಕ್ಕೆ ಸೇರಲ್ಲ. ಸೂಜೀಲಿ ಕೊಟ್ರೆ ವೈರಸ್ ನಿಲ್ಲೋ ಅಷ್ಟು ಕೊಡೋ ಹೊತ್ಗೆ ಮನುಷ್ಯನಿಗೇ ರಕ್ತ ಸೋರೋಕೆ ಶುರುವಾಗುತ್ತೆ. ಕೊಳವೇಲಿ ಗೆದ್ದಿದ್ದೆಲ್ಲ ಮೈಯೊಳಗೆ ಗೆಲ್ಲಲ್ಲಮ್ಮ. ಯಾಕೆ ಕೇಳ್ದೆ?"

"ಸುಮ್ನೆ ಸಾರ್. ಎಕ್ಸಾಮಿಗೆ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಿಬ್ಬನಹಳ್ಳಿ ಬರುವಷ್ಟರಲ್ಲಿ ಹೇಗೆ ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಮನೆಗೆ ಬಂದರೆ ಅಕ್ಕ ಬಾಗಿಲಲ್ಲೇ ಕೈ ಹಿಡಿದುಕೊಂಡಳು. ಮಾವನ ಅಂಗಿಯ ಅಳತೆ ತೆಗೆಯುತ್ತಿದ್ದಳಂತೆ, ಅವನು ನಿಂತಲ್ಲೇ ನಗುತ್ತಿದ್ದನಂತೆ. "ಬ್ಯಾಡ ಅಂದೋನು ಹೆಂಗೆ ನಗ್ತಾನೆ ನೋಡೇ. ನೀನೇ ಏನೋ ಮಾಡಿದೀಯ ಕಣೆ, ನಂಗ್ ಗೊತ್ತು" ಎಂದಳು. ಅವಳ ಕೈ ಬೆಚ್ಚಗಿತ್ತು. ಇಡೀ ಮನೆಯಲ್ಲಿ ಅವಳೊಬ್ಬಳೇ ನನ್ನನ್ನು ಬಾಯಿಬಡುಕಿ ಎಂದು ಕರೆಯದಿದ್ದವಳು.

ಹಿತ್ತಲಿನಲ್ಲಿ ಮಾವ ಕೇಳಿದ: "ಮೇಷ್ಟ್ರು ಸಿಕ್ಕಿದ್ರಾ? ಏನಂದ್ರು?"

"ಸರಿಯಾಗೇ ಮಾಡ್ತಿದೀಯ ಅಂದ್ರು" ಎಂದೆ.

ಇದರಲ್ಲಿ ಒಂದು ಅಕ್ಷರವನ್ನೂ ನಾನು ಹಿಗ್ಗಿಸಿಲ್ಲ. ಅಷ್ಟೇ ಅಂದದ್ದು. ಒಂದು ವಾರ ಬಿಟ್ಟು ಲಗ್ನಪತ್ರಿಕೆ ಅಚ್ಚಿಗೆ ಹೋಯಿತು. ಟೆಸ್ಟ್ ಯಾವಾಗ ಎಂದು ಮಾವ ಕೇಳಿದಾಗ ಪರೀಕ್ಷೆ ಮುಗಿಯಲಿ ಎಂದೆ. ಪರೀಕ್ಷೆ ಮುಗಿದ ಮೇಲೆ ಯುಗಾದಿ ಕಳೆಯಲಿ ಎಂದೆ. ಯುಗಾದಿ ಕಳೆದ ಮೇಲೆ ಅವನಾಗಿ ಕೇಳಲಿಲ್ಲ. ಕೇಳಲು ಅವನಿಗೂ ಭಯವಿತ್ತೋ ಏನೋ. ಬಾಷಾ ಅಣ್ಣನ ಅಂಗಡಿಗೆ ಹೋಗುವುದನ್ನೂ ನಾನು ನಿಲ್ಲಿಸಲಿಲ್ಲ.

ಮದುವೆಗೆ ಹನ್ನೆರಡು ದಿನ ಇತ್ತು. ಮದುಮಗಳ ಮಡಿಲಿಗೆ ಅಕ್ಕಿ, ಬೆಲ್ಲದ ಜೊತೆ ಹಾಕುವ ಉಂಡೆ ಕೊಬ್ಬರಿಯನ್ನು ನಮ್ಮ ಮನೆಯಲ್ಲಿ ಸೋದರಮಾವನೇ ತೆಗೆಯಬೇಕು, ಆಳಿನ ಕೈಗೆ ಕೊಡುವ ಹಾಗಿಲ್ಲ. ಇಲ್ಲಿ ಮದುಮಗನೂ ಅವನೇ ಆದ್ದರಿಂದ ಅಕ್ಕಪಕ್ಕದ ಹೆಂಗಸರೆಲ್ಲ ಅಂಗಳಕ್ಕೆ ಬಂದು ಕೂತಿದ್ದರು. ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತ ಕಾಯಿ. ಕಿವಿಯ ಹತ್ತಿರ ಅಲ್ಲಾಡಿಸಿದರೆ ನೀರಿನ ಸದ್ದಿಲ್ಲದೆ ಒಳಗೆ ಲೊಟಲೊಟ ಎನ್ನಬೇಕು. ಮಾವ ಒಂದೊಂದನ್ನೂ ಅಲ್ಲಾಡಿಸಿ, ನೆಟ್ಟ ಹಾರೆಯ ಮೇಲೆ ಸಿಪ್ಪೆ ಸುಲಿದು, ಆಮೇಲೆ ಮಚ್ಚಿನ ಬೆನ್ನಿನಿಂದ ತಟ್ಟಿ, ಅಲಗಿನಿಂದ ಕೊಚ್ಚಿ, ಕೊಬ್ಬರಿಗೆ ಗಾಯವಾಗದ ಹಾಗೆ ಚಿಪ್ಪು ಬಿಡಿಸುತ್ತಿದ್ದ.

"ಬೇಗ ಬೇಗ ಆಗ್ಲಪ್ಪ ಮದ್ಲಿಂಗ, ಹೆಣ್ಣು ಕಾಯ್ತಾವ್ಳೆ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಅವನೂ ನಕ್ಕು ತಲೆಯೆತ್ತಿದ. ಮಚ್ಚು ಜಾರಿ ಎಡಗೈ ಹೆಬ್ಬೆರಳಿನ ಬುಡಕ್ಕೆ ಬಿತ್ತು.

ಅದು ದೊಡ್ಡ ಗಾಯವಲ್ಲ. ನಮ್ಮ ಕಡೆ ಕಾಯಿ ಸುಲಿಯುವವರ ಕೈಯಲ್ಲಿ ಅಂಥ ಗುರುತು ಹತ್ತಾದರೂ ಇರುತ್ತವೆ; ಬಾಯಲ್ಲಿ ಒಂದು ಸಲ ಹೀರಿ ಉಗಿದು ಕೆಲಸ ಮುಂದುವರಿಸುತ್ತಾರೆ. ಇದು ನಿಲ್ಲಲಿಲ್ಲ. ಚಿಪ್ಪಿನ ಮೇಲೆ, ಪಂಚೆಯ ಮೇಲೆ, ಆಗಷ್ಟೇ ಬಿಡಿಸಿದ ಬಿಳಿ ಕೊಬ್ಬರಿಯ ಮೇಲೆ ತೊಟ್ಟಿಕ್ಕುತ್ತಲೇ ಇತ್ತು. ಅಜ್ಜಿ ಅರಿಶಿನ ಎಂದು ಕೂಗಿದಳು. ಅಮ್ಮ ಅಡುಗೆಮನೆಗೆ ಓಡಿದಳು. ಅಕ್ಕ ಒಳಗಿನಿಂದ ಬಂದವಳೇ ಸೆರಗು ಮುಂದೆ ಹಿಡಿದು ಅವನ ಕೈ ಹಿಡಿಯಲು ಬಗ್ಗಿದಳು.

"ಮುಟ್ಬ್ಯಾಡ!"

ಮಾವ ಅಷ್ಟು ಜೋರಾಗಿ ಕೂಗಿದ್ದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಅಕ್ಕ ಕೈ ಚಾಚಿದ ಹಾಗೆಯೇ ನಿಂತಳು. ಮಾವ ಟವೆಲು ಸುತ್ತಿಕೊಂಡು ಕೋಣೆಗೆ ನುಗ್ಗಿದ. ನಾನು ಹಿಂದೆಯೇ ಹೋಗಿ ಅಂಗಳದ ಕಡೆಯ ಬಾಗಿಲಿಗೆ ಚಿಲಕ ಹಾಕಿದೆ.

ಅವನು ಮಂಚದ ಮೇಲೆ ಕೂತಿದ್ದ. ಟವೆಲು ಆಗಲೇ ಒದ್ದೆಯಾಗಿತ್ತು.

"ಬೆಳಿಗ್ಗೆ ಎಷ್ಟು ಚುಚ್ಕಂಡೆ?"

"ಎರಡು. ದಿನ ಕಮ್ಮಿ ಉಳ್ದೈತಲ್ಲ ಅಂತ."

"ರಕ್ತ ನಿಲ್ತಿಲ್ಲ ಅಂದ್ರೆ ಔಷ್ದಿ ಚೆನ್ನಾಗಿ ಕೆಲ್ಸ ಮಾಡ್ತೈತೆ ಅಂತ ಕಣ್ ಮಾವ..." ಆಗಲೂ ನನ್ನ ನಾಲಿಗೆ ಓಡುತ್ತಲೇ ಇತ್ತು.

"ರಕ್ತದ್ ಮಾತು ಬುಡು ಸವಿ." ಮಾವ ನನ್ನನ್ನೇ ನೋಡಿದ. "ಕಾಯ್ಲೆ ಹೋಗೈತಾ? ನಾನು ಅವ್ಳಿಗೆ ತಾಳಿ ಕಟ್ಬೋದಾ? ನಿಜ ಹೇಳು. ಮೇಷ್ಟ್ರು ಏನಂದ್ರು?"

ಹೊರಗೆ ಅಕ್ಕ ಬಾಗಿಲು ತಟ್ಟುತ್ತಿದ್ದಳು. "ಮಾವ, ಬಾಗ್ಲು ತಗಿ. ನಾನೇನ್ ಮಾಡ್ದೆ? ತಗಿ ಮಾವ."

"ಕೊಟ್ಟು ನೋಡಿದಾರಂತೆ" ಎಂದೆ. "ಮೈಯೊಳಗೆ ಆಗಲ್ವಂತೆ."

"ಯಾವಾಗಂದ್ರು?"

"ಹಾಲ್ ಟಿಕೆಟ್ ತರಕ್ಕೋದ ದಿನ."

ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಏನಾದರೂ ಉತ್ತರ ಹೊಳೆಯುತ್ತಿತ್ತು. "ಅವತ್ತು ಇನ್ನೂ ಮದ್ವೆ ಕಾರ್ಡ್ ಅಚ್ಚಾಗಿರ್ಲಿಲ್ಲ ಕಣವ್ವ" ಎಂದ, ಅಷ್ಟೇ.

ಆಗ ಅಡುಗೆಮನೆಯ ಕಡೆಯ ಬಾಗಿಲು ಪೂರ್ತಿ ತೆರೆದುಕೊಂಡಿತು. ಅಮ್ಮ ನಿಂತಿದ್ದಳು. ಗಾಯಕ್ಕೆ ಹಾಕಲು ತಂದ ಅರಿಶಿನದ ಪುಡಿ ಅವಳ ಮುಷ್ಟಿಯಲ್ಲಿತ್ತು, ಬೆರಳ ಸಂದಿಯಿಂದ ಉದುರಿ ಹೊಸ್ತಿಲ ಮೇಲೆ ಗುಪ್ಪೆಯಾಗಿತ್ತು. ಅಷ್ಟು ಹೊತ್ತಿನಿಂದ ನಿಂತಿದ್ದಳು.

"ಅದ್ಯಾವ್ ಕಾಯ್ಲೆ?" ಎಂದಳು.

ಮಾವ ಹೇಳಿದ. ಅಮ್ಮ ಅವನ ಪಕ್ಕ ಮಂಚದ ಮೇಲೆ ಕೂತಳು. "ಅಕ್ಕಾ, ಬ್ಯಾಡ, ಮುಟ್ಬ್ಯಾಡ" ಎಂದು ಅವನು ಸರಿದ. "ಸುಮ್ಕಿರು" ಎಂದು ಅವಳು ಹಾಸಿಗೆಯ ದುಪ್ಪಟಿಯನ್ನು ನಾಲ್ಕು ಮಡಿಕೆ ಮಾಡಿ, ಟವೆಲಿನ ಮೇಲಿಟ್ಟು, ಎರಡೂ ಕೈಯಿಂದ ಅದುಮಿ ಹಿಡಿದಳು. ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದಳು.

"ನಿಂಗೆ ಯಾವಾಗಿಂದ ಗೊತ್ತು?"

"ಸಂಕ್ರಾಂತಿಯಿಂದ."

ಅವಳು ದುಪ್ಪಟಿಯನ್ನು ಇನ್ನಷ್ಟು ಬಲವಾಗಿ ಅದುಮಿದಳು.

"ಈ ಮದ್ವೆ ಇಲ್ಲ. ಆಟೋದೋನ್ನ ಕರ್ಸು, ಇವನ್ನ ಆಸ್ಪತ್ರೆಗೆ ಕರ್ಕಂಡು ಹೋಗ್ತೀನಿ. ಅದ್ಕಿಂತ ಮುಂಚೆ ಬಾಗ್ಲು ತಗ್ದು ನಿಮ್ಮಕ್ಕಂಗೆ ಹೇಳು."

"ನಾನಾ?"

"ಇಲ್ಲೀಗಂಟ ಎಲ್ಲಾ ನೀನೇ ಹೇಳಿದ್ದಲ್ಲ. ಇದ್ನೂ ನೀನೇ ಹೇಳು."

ನಾನು ಚಿಲಕ ತೆಗೆದೆ. ಅಕ್ಕ ಬಾಗಿಲಿಗೆ ಅಂಟಿಕೊಂಡೇ ನಿಂತಿದ್ದಳು.

"ನಿಂತಾ?" ಎಂದಳು. "ರಕ್ತ ನಿಂತಾ?"